ಕುತ್ತಿಗೆಯ ಗೆರೆ ದಾಟಿದ ಹವಳ

ಕ್ಯಾನಿನ ಹೊರಮೈ ಬೆವರಿತ್ತು. ಅಮ್ಮ ನಸುಕಿನಲ್ಲಿ ನೀರಿನ ಕೈಯಿಂದ ಮುಟ್ಟಿರಬೇಕು ಎಂದುಕೊಂಡು ಮಂಜಿರಿ ಅದನ್ನು ಓಢಣಿಯಿಂದ ಒರೆಸಿದಳು. ಒರೆಸಿದ ಜಾಗದಲ್ಲೇ ಮತ್ತೆ ಹನಿ ಮೂಡಿತು, ಮೂಡಿದ ಹನಿ ಅವಳ ಕಣ್ಣೆದುರೇ ಬೆಳ್ಳಗೆ ಗಟ್ಟಿಯಾಯಿತು. ಒಳಗೋಡೆಗೂ ಹೊರಗೋಡೆಗೂ ನಡುವೆ ಇರಬೇಕಾದ ಶೂನ್ಯ ಹೋಗಿದೆ, ಎಲ್ಲೋ ಗಾಳಿ ನುಗ್ಗಿದೆ. ಹತ್ತು ದಿನ ಬಾಳಬೇಕಾದ ದ್ರವ ಸಾರಜನಕ ಸಂಜೆಯ ಹೊತ್ತಿಗೆ ಹೊಗೆಯಾಗಿ ಮುಗಿದುಹೋಗುತ್ತದೆ. ಇದನ್ನು ಅವಳು ಯಾರದೋ ಮನೆಯ ಸುದ್ದಿಯಂತೆ ತಣ್ಣಗೆ ತಿಳಿದುಕೊಂಡಳು. ಒಳಗೆ ನಲವತ್ತೆರಡು ಪ್ಲಾಸ್ಟಿಕ್ ಕಡ್ಡಿಗಳಿದ್ದವು. ಒಂದೊಂದು ಕಡ್ಡಿಯ ತುದಿಯಲ್ಲೂ ಒಂದು ಹನಿ, ಹನಿಯೊಳಗೆ ಸಾಸಿವೆಗಿಂತ ಸಣ್ಣ ಹವಳದ ಮರಿಗಳು. ಸತ್ತಿಲ್ಲ, ಬದುಕುತ್ತಲೂ ಇಲ್ಲ, ಗಾಜಿನಂತೆ ಹೆಪ್ಪುಗಟ್ಟಿ ನಿಂತಿವೆ. ಅವುಗಳ ತಾಯಿ ಹವಳ ಹೋದ ವರ್ಷ ಬೆಚ್ಚಗಾದ ಕಡಲಿನಲ್ಲಿ ಬಿಳಿಚಿ, ಹನ್ನೆರಡು ದಿನಕ್ಕೆ ಪಾಚಿ ಹಿಡಿದ ಕಲ್ಲಾಗಿತ್ತು. ಆ ಬಂಡೆಯ ಹವಳ ಈಗ ಭೂಮಿಯ ಮೇಲೆ ಉಳಿದಿರುವುದು ಭಾಲ್ಕಿಯ ಈ ನಡುಮನೆಯಲ್ಲಿ, ಜೋಳದ ಚೀಲದ ಪಕ್ಕದ ಈ ಪಾತ್ರೆಯೊಳಗೆ ಮಾತ್ರ.

ದಾರಿಯಲ್ಲಿ ಎಲ್ಲಿಯೂ ತಂಗಕೂಡದೆಂದು ಕಾಗದದಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಕೊಂಕಣದ ಕರಾವಳಿಯಿಂದ ಹೊರಟರೆ ನೇರ ಹೈದರಾಬಾದಿನ ಶೀತಕೋಶ. ಆದರೆ ಮನೆ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಒಂದು ರಾತ್ರಿ ಇಳಿಯುತ್ತೇನೆ, ಬೆಳಗ್ಗೆ ಇಲ್ಲಿಂದಲೇ ಬೇರೆ ಗಾಡಿ ಮಾಡಿಕೊಳ್ಳುತ್ತೇನೆ ಎಂದು ಡ್ರೈವರನನ್ನು ತಾನೇ ಹಿಂದಕ್ಕೆ ಕಳಿಸಿದ್ದಳು. ಅಮ್ಮನ ಕೈಯ ಬಿಸಿ ರೊಟ್ಟಿಯ ಆಸೆಗೆ ಒಂದು ಕಡಲನ್ನು ನಡುಮನೆಯಲ್ಲಿ ಇಳಿಸಿದ್ದಳು. ಅಮ್ಮ ಅಲಕಾ ರಾತ್ರಿ ಆ ಕ್ಯಾನನ್ನೇ ನೋಡುತ್ತ, ತಾಳಿಸರದಲ್ಲಿ ಪೋಣಿಸಿದ್ದ ಎರಡು ಕೆಂಪು ಮಣಿಗಳನ್ನು ಬೆರಳಿಂದ ತಿರುವುತ್ತ ಕೇಳಿದ್ದಳು, "ಹವಳ ಅಂದ್ರ ಇದ ಅಲ್ಲೇನು? ಇದಕ್ಕ ಜೀವ ಇತ್ತಾ?" ಇತ್ತೆಂದು ಮಂಜಿರಿ ಹೇಳಿದಳು, ಅದು ಗಿಡವಲ್ಲ, ಕಲ್ಲಲ್ಲ, ಪ್ರಾಣಿ. ಅಮ್ಮ ಬೆರಳು ತೆಗೆದಳು. "ಅಂದ್ರ ಮೂವತ್ತೊಂದ್ ವರ್ಷ ನಾ ಹೆಣಾ ಕೊಳ್ಳಾಗ ಹಾಕೊಂಡ್ ತಿರಗಲತೀನಿ ಅನ್ನು." ಇಬ್ಬರೂ ನಕ್ಕಿದ್ದರು. ಆ ನಗುವಿನ ಹೊತ್ತಿನಲ್ಲೇ ಕ್ಯಾನಿನ ಗೋಡೆ ಸೋರತೊಡಗಿತ್ತೋ ಏನೋ.

ಬೆಳಗಿನ ಎಂಟಕ್ಕೆ ಯೋಜನೆಯ ಮುಖ್ಯಸ್ಥ ಮಯೂರ ಸರ್ ಫೋನಿನಲ್ಲಿ ಸಿಕ್ಕರು. ಸರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಯಾಕೆ ಇಳಿದೆ ಎಂದು ಒಮ್ಮೆ ಕೇಳಿ, ಉತ್ತರಕ್ಕೆ ಕಾಯದೆ, ಹೈದರಾಬಾದಿನಿಂದ ಹೊಸ ಕ್ಯಾನು ಹೊತ್ತ ಗಾಡಿ ಬೀದರಿನವರೆಗೆ ಮಾತ್ರ ಬರಬಲ್ಲದು, ನಾಲ್ಕು ಗಂಟೆಗೆ, ಅಲ್ಲಿಯವರೆಗೆ ನೋಡಿಕೋ ಎಂದರು. ನೋಡಿಕೋ. ಕಡಲುಗಳನ್ನು ಉಳಿಸುವ ಯೋಜನೆಯ ಉದ್ಘಾಟನೆಗೆ ಎಷ್ಟು ಮಂದಿ ವೇದಿಕೆಯ ಮೇಲೆ ಕೂತಿದ್ದರು! ಅವರ ಕೊರಳ ಹಾರಗಳನ್ನು ಎತ್ತಿಟ್ಟವಳು ಅವಳೇ. ಕಡಲನ್ನು ಹೊರುವ ಹೊತ್ತು ಬಂದಾಗ ಅದು ಹನ್ನೊಂದು ತಿಂಗಳ ಗುತ್ತಿಗೆಯ ಹೆಣ್ಣೊಬ್ಬಳ ತೊಡೆಯ ಮೇಲೆ ಬಂದು ಕೂತಿತ್ತು. ದನಗಳ ಕೃತಕ ಗರ್ಭಧಾರಣೆಯ ಬೀಜದ ಕಡ್ಡಿ ಇಡಲು ಇದೇ ಸಾರಜನಕ ಬೇಕೆಂದು ನೆನಪಾಗಿ ಊರಿನ ಪಶು ಇಲಾಖೆಯ ಕಚೇರಿಗೆ ಓಡಿದಳು. ಕುರ್ಚಿಯ ಮೇಲಿದ್ದವನು ತಮ್ಮ ಕ್ಯಾನನ್ನು ಬೆರಳಿನಿಂದ ಬಡಿದು ಖಾಲಿ ಸದ್ದು ಕೇಳಿಸಿದ. "ಟ್ಯಾಂಕರ್ ಬಂದು ಹತ್ತೊಂಬತ್ತ್ ದಿನ ಆತ್ರಿ ಮೇಡಂ. ಆಕಳಿಗೇ ಇಲ್ಲ. ನೀವು ಹವಳಾ ಅಂತೀರಿ. ಯಾಕ್ರಿ, ಉಂಗುರಾ ಮಾಡಸ್ತೀರೇನು?" ಪಕ್ಕದವನು ನಕ್ಕ. ಅವಳೂ ನಕ್ಕಳು, ನಗದಿದ್ದರೆ ಇನ್ನೊಂದು ನಂಬರನ್ನೂ ಕೊಡುವುದಿಲ್ಲವೆಂಬ ಭಯಕ್ಕೆ. ನಕ್ಕ ಬಾಯಿ ಮನೆ ಮುಟ್ಟುವವರೆಗೂ ಹಾಗೇ ಅಂಟಿಕೊಂಡಿತ್ತು. ಕಡೆಗೆ ಅಪ್ಪ, ಸಾಲಿ ಮಾಸ್ತರ ಪ್ರಭಾಕರರಾವ್, ಪಂಚಾಂಗದ ಹಿಂದೆ ಬರೆದಿಟ್ಟಿದ್ದ ನಂಬರೊಂದನ್ನು ಹುಡುಕಿ ಕೊಟ್ಟ. "ಠಾಣಾ ಕುಶನೂರದಾಗ ದಸ್ತಗೀರ ಅಂತ ಇದ್ದಾನ. ನಮ್ಮ ಎಮ್ಮಿಗಿ ಎರಡ್ ಸಲ ಬಂದಿದ್ದ. ಟ್ಯಾಂಕರ್ ದಾರಿ ಕಾಯಾಂವಲ್ಲ ಅಂವ. ಲಾತೂರಿಗಿ ಹೋಗಿ ತನ್ನ ರೊಕ್ಕಾ ಹಾಕಿ ತುಂಬಸ್ಕೊಂಡ್ ಬರ್ತಾನ."

ಆಟೋದಲ್ಲಿ ಕ್ಯಾನನ್ನು ಗೋಣಿಚೀಲದಲ್ಲಿ ಸುತ್ತಿ ಕಾಲ ನಡುವೆ ಇಟ್ಟುಕೊಂಡು ಕೂತಿದ್ದಳು. ಏಪ್ರಿಲ್ ಬಿಸಿಲು, ಹೊಲಗಳಲ್ಲಿ ತೊಗರಿ ಕಟ್ಟಿಗೆಯ ಒಟ್ಟು ಬಿಟ್ಟರೆ ಕಣ್ಣಿಗೆ ಬೀಳುವುದು ಕೆಂಪು ನೆಲ. ತಂಪು ಗೋಣಿಯನ್ನು ದಾಟಿ ಕಣಕಾಲು ಮುಟ್ಟುತ್ತಿತ್ತು. ಅದು ಹಿತವಾಗಿತ್ತು, ಹಿತವಾದದ್ದಕ್ಕೆ ನಾಚಿಕೆಯಾಯಿತು. ತನ್ನ ಕಾಲಿಗೆ ಹತ್ತುತ್ತಿರುವ ತಂಪಷ್ಟೂ ಒಳಗಿನವರ ಪಾಲಿನದು. ಹವಳ ಮೊಟ್ಟೆ ಬಿಡುವುದು ವರ್ಷಕ್ಕೆ ಒಂದೇ ಸಲ. ನೀರಿನ ಮೇಲೆ ಗುಲಾಬಿ ಬಣ್ಣದ ರವೆ ಚೆಲ್ಲಿದ ಹಾಗೆ ತೇಲಿ ಬಂದದ್ದನ್ನು ಅವಳು ತಟ್ಟೆಯಲ್ಲಿ ಹಿಡಿದಿದ್ದಳು. ಮರಿಗಳು ಈಜಾಡುವಾಗಲೇ ತಣಿಸಿದ್ದಳು. ತಣಿಸುವುದು ಕಷ್ಟವಲ್ಲ, ಎಬ್ಬಿಸುವುದು ಕಷ್ಟ. ಎದ್ದರೆ ರೆಪ್ಪೆ ಅಲುಗುವುದಕ್ಕಿಂತ ಮೊದಲು, ಲೇಸರ್ ಬೆಳಕಿನ ಒಂದೇ ಹೊಡೆತಕ್ಕೆ ಏಳಬೇಕು. ನಿಧಾನಕ್ಕೆ ಎದ್ದರೆ ಮೈಯೊಳಗೆ ಹಿಮದ ಹರಳು ಹುಟ್ಟಿ ಸೀಳಿಬಿಡುತ್ತದೆ. ಒಮ್ಮೆ, ಒಂದೇ ಒಮ್ಮೆ, ಎಬ್ಬಿಸಿದ ಮರಿಯೊಂದು ಸೂಕ್ಷ್ಮದರ್ಶಕದ ಕೆಳಗೆ ಗಿರಕಿ ಹೊಡೆದದ್ದನ್ನು ನೋಡಿ ಅವಳು ಕೂತಲ್ಲೇ ಅತ್ತಿದ್ದಳು. ವರದಿಯಲ್ಲಿ ಅವಳ ಹೆಸರಿರಲಿಲ್ಲ. ಆದರೂ ಆ ಗಿರಕಿ ತನ್ನದೆಂದು ಅವಳು ನಂಬಿದ್ದಳು.

ದಸ್ತಗೀರ ಅರವತ್ತು ದಾಟಿದ ಸಣಕಲು ಮನುಷ್ಯ. ಅಂಗಳದ ಬೇವಿನ ಕೆಳಗೆ ಅವನ ಕ್ಯಾನು, ಬಣ್ಣ ಹೋದರೂ ಮೈ ಒಣಗಿದ್ದು, ಗಟ್ಟಿಯಾಗಿ ಕೂತಿತ್ತು. ಅವಳ ಕ್ಯಾನಿನ ಹಿಮವನ್ನು ಅವನು ಜ್ವರ ಬಂದವರ ಹಣೆ ಮುಟ್ಟುವಂತೆ ಅಂಗೈ ಇಟ್ಟು ನೋಡಿದ. "ಮುಗೀತ್ರಿ ಇದು," ಎಂದ. ತನ್ನ ಕ್ಯಾನಿಗೆ ಕಟ್ಟಿಗೆಯ ಪಟ್ಟಿ ಇಳಿಸಿ, ಎತ್ತಿ, ಗಾಳಿಯಲ್ಲಿ ಒಮ್ಮೆ ಬೀಸಿ, ಹಿಮ ಹತ್ತಿದ ಗೆರೆಯ ಮೇಲೆ ಬೆರಳಿಟ್ಟು ಅಳೆದ. "ಏಳ್ ಬೆರಳ ಅದ. ನಮ್ಮ ದೇವಣಿ ಹೋರಿ ಮಗ್ಗಲಾ ನಿಮ್ಮ ಕಡಲಿನಾಕಿ ಕೂಡ್ತಾಳ. ಜಗಳಾ ಮಾಡಂಗಿಲ್ಲ ಅಲ್ರಿ?" ಕಡ್ಡಿಗಳನ್ನು ಹೊತ್ತ ಅವಳ ಡಬ್ಬಿಯ ಉದ್ದ ಹಿಡಿಕೆಗೆ ಬಿಳಿ ಪಟ್ಟಿ, ಅವನದಕ್ಕೆ ಕೆಂಪು ದಾರ. ಒಂದು ಕ್ಯಾನಿನಿಂದ ಇನ್ನೊಂದಕ್ಕೆ ಅವನು ದಾಟಿಸಿದ ವೇಗಕ್ಕೆ ಅವಳಿಗೆ ಉಸಿರು ಬಂತು. ಮೀನು ನೀರಿನಿಂದ ನೀರಿಗೆ ಹಾರಿದ ಹಾಗೆ. ಆದರೂ ಹೇಳಬೇಕಿತ್ತು. ಹೋರಿಯ ಬೀಜ ಕ್ಯಾನಿನ ಕುತ್ತಿಗೆಯ ಗೆರೆಗಿಂತ ಮೇಲೆ, ಹೊರಗಿನ ಬಿಸಿಯಲ್ಲಿ, ಹತ್ತು ಸೆಕೆಂಡ್ ತಡೆಯುತ್ತದೆ, ಇವು ಎರಡು ಸೆಕೆಂಡನ್ನೂ ತಡೆಯುವುದಿಲ್ಲ, ಇನ್ನು ಏನೇ ಆದರೂ ಇದನ್ನು ಎತ್ತಬಾರದು. "ಚಾಚಾ, ಒಂದ್ ಮಾತು, ಕುತ್ತಿಗಿ ಮ್ಯಾಲೆ..." ಎಂದು ಬಾಯಿ ತೆರೆದಳು. ಅವನು ಮುಚ್ಚಳ ಒತ್ತುತ್ತ ನಕ್ಕ. "ಇಪ್ಪತ್ತೆರಡ್ ವರ್ಷ ಆತು ಬಾಯಾರ. ಕುತ್ತಿಗಿ ನನಗ ಕಲಸ್ತೀರೇನು?" ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಹೆಂಡತಿಯ ಮುಂದೆ ಅವನಿಗೆ ಪಾಠ ಹೇಳುವುದೇ, ಅದೂ ತನಗಾಗಿ ತನ್ನ ಬದುಕಿನ ಪಾತ್ರೆ ತೆರೆದವನಿಗೆ? ಮಂಜಿರಿ ಮಾತನ್ನು ನುಂಗಿದಳು. ಅದನ್ನು ತನಗೆ ತಾನೇ ಮರ್ಯಾದೆ ಎಂದು ಕರೆದುಕೊಂಡಳು.

ಅವನ ಜೇಬಿನ ಫೋನು ಹೊಡೆದುಕೊಂಡಿತು. ಪಕ್ಕದ ಊರು ಎಕಂಬಾದ ಮಹಾಮಾಯಾಳ ದನಿ ಅಂಗಳವನ್ನೆಲ್ಲ ತುಂಬಿತು. "ದಸ್ತಗೀರಣ್ಣಾ, ನಸುಕಿನಾಗಿಂದ ಒದರ್ಲತದ ಆಕಳ. ಎಷ್ಟೊತ್ತಿಗಿ ಬರ್ತಿ?"

"ಬರ್ತೇನಿ ಅಕ್ಕಾ. ಬೀದರಕ ಹೋಗಿ ಬರ್ತೇನಿ."

"ಬೀದರಕಾ? ನೀ ಬರೂದ್ರಾಗ ಬೆದಿ ಇಳದ್ ಹೋಗ್ತದ. ಮತ್ತ ಇಪ್ಪತ್ತೊಂದ್ ದಿನಾ ನಿನ್ನ ಮಾರಿ ನೋಡ್ಕೋತ ಕೂಡ್ಲೇನು?"

"ಕಡಲಿನ ಆಕಳ ಒಂದ್ ಬಂದದ ಅಕ್ಕಾ. ಅದೂ ಒದರ್ಲತದ. ಅದರ ದನಿ ಕೇಳಸಲ್ದು, ಅಷ್ಟೇ."

ಫೋನಿನೊಳಗಿಂದ ಬೈಗುಳ ಬಂತು, ಅವನು ನಗುತ್ತಲೇ ಇಟ್ಟ. ತಾನು ಇಲ್ಲಿಗೆ ಬರದಿದ್ದರೆ ಎಕಂಬಾದಲ್ಲಿ ಇವತ್ತು ಒಂದು ಕರು ಹುಟ್ಟುವ ದಾರಿ ಹಿಡಿಯುತ್ತಿತ್ತು ಎಂದು ಮಂಜಿರಿಗೆ ಹೊಳೆಯಿತು. ಕ್ಷಮೆ ಕೇಳಲು ಹೋದಳು. "ಜೀವ ಇದ್ದದ್ದು ಅಂತೀರಿ," ಎಂದ ದಸ್ತಗೀರ. "ಜೀವ ಇದ್ದದ್ದಕ್ಕ ಇದರಾಗ ಜಾಗಾ ಇಲ್ಲ ಅಂದ್ರ ನಾ ಈ ಕ್ಯಾನ್ ಯಾಕ ಹೊರಬೇಕ್ರಿ?"

ಹೊರಡುವಾಗ ಹಮೀದುನ್ನಿಸಾ ಬಂದು, ಪ್ಲಾಸ್ಟಿಕ್ ಹೊದಿಸಿದ ಗುರುತಿನ ಚೀಟಿಯನ್ನು ಗಂಡನ ಕೊರಳಿಗೆ ಹಾಕಿ, ಅಂಗಿಯೊಳಗೆ ಹೋಗಿದ್ದನ್ನು ಮತ್ತೆ ಹೊರಗೆ ಎಳೆದು ಎದೆಯ ಮೇಲೆ ನೆಟ್ಟಗೆ ಮಾಡಿದಳು. "ಹಾದ್ಯಾಗ ಯಾರರ ಕೈ ಮಾಡಿ ನಿಲ್ಸಿದ್ರ ವಾದ ಮಾಡಬ್ಯಾಡ್ರಿ. ಅವರು ಕೇಳೂಕಿಂತ ಮೊದಲ ತಗದ್ ತೋರ್ಸಿ ಬಿಡ್ರಿ." ಆಮೇಲೆ ಮಂಜಿರಿಯ ಕಡೆಗೆ ತಿರುಗಿ, "ಹೋದ್ ಸಲ ನೂರಾ ಇಪ್ಪತ್ತ್ ಕಡ್ಡಿ ರೋಡಿಗಿ ಚೆಲ್ಯಾರ್ರಿ ಬಾಯಾರ. ಮುದುಕ ಏನ್ ಒಯ್ಲತಾನ ಡಬ್ಬಿದಾಗ ಅಂತ ಒಂದೊಂದ ಮುಟ್ಟಿ ನೋಡ್ಯಾರ. ಹೋರಿ ಬೀಜ ಅಂದ್ರ ನಗ್ಯಾರ. ನಿನ್ನಂಥಾಂವಗ ಆಕಳ ಯಾಕ ಬೇಕು ಅಂದಾರ."

"ಬಿಡ ಮಾರಾಯ್ತಿ, ಆಕಿಗ್ಯಾಕ ಹೇಳ್ತಿ," ಎಂದು ಅವನು ಬೈಕಿಗೆ ಒದ್ದ.

ಕ್ಯಾನು ಅವಳ ತೊಡೆಯ ಮೇಲೆ, ಅವನ ಬೆನ್ನಿಗೂ ಅವಳ ಹೊಟ್ಟೆಗೂ ನಡುವೆ. ಅದರ ಮೈ ಈಗ ಒಣಗಿತ್ತು. ರಸ್ತೆಯ ಒಂದೊಂದು ಗುಂಡಿಗೂ ಅವಳು ಎರಡೂ ತೋಳಿನಿಂದ ಅದನ್ನು ಎತ್ತಿ ಹಿಡಿಯುತ್ತಿದ್ದಳು, ಒಳಗೆ ದ್ರವ ತುಳುಕುವ ಸದ್ದು ಕೇಳಿಸುತ್ತಿತ್ತು. ಎದುರಿನಿಂದ ಬಂದ ಬೈಕಿನವರು ತಿರುಗಿ ನೋಡಿ ಹೋದರು. ಅವರು ನೋಡಿದ್ದು ಏನನ್ನು? ಬಿಳಿ ಗಡ್ಡ, ಟೋಪಿ, ಹಿಂದೆ ಕುಂಕುಮದ ಹೆಣ್ಣು, ನಡುವೆ ಅಲ್ಯೂಮಿನಿಯಂ ಪಾತ್ರೆ. ಕಾಲೇಜಿನಲ್ಲಿದ್ದಾಗ ಪ್ರತಿ ರವಿವಾರ ಓದುವ ಗುಂಪಿನಲ್ಲಿ ಕೂತು, ಮನುಷ್ಯನನ್ನು ಅವನ ಹುಟ್ಟಿನಿಂದ ಅಳೆಯುವವರ ವಿರುದ್ಧ ಗಂಟಲು ಹರಿದು ಮಾತಾಡಿದವಳು ಅವಳು. ಅದೇ ಅವಳು ಈಗ, ಯಾರೂ ಕಾಣದಂತೆ, ಹಿಂದಕ್ಕೆ ಒಂದು ಬೆರಳು ಸರಿದು ಕೂತಳು. ಕ್ಯಾನು ಅಲುಗಾಡಿತು. ಕ್ಯಾನಿಗಾಗಿ ಮತ್ತೆ ಮುಂದೆ ಸರಿದಳು. ಔರಾದ ಕಡೆಯ ರಸ್ತೆ ಕೂಡುವ ಕ್ರಾಸು ದೂರದಲ್ಲಿ ಕಾಣಿಸಿತು: ತಗಡಿನ ಚಹಾದ ಅಂಗಡಿ, ಬೆಂಚಿನ ಮೇಲೆ ಮೂರು ಜನ, ಒಬ್ಬನ ಹೆಗಲ ಮೇಲೆ ಟವೆಲ್ಲು. ದಸ್ತಗೀರನ ಬೆನ್ನು ಬಿಗಿಯಾದದ್ದು ಕ್ಯಾನನ್ನು ದಾಟಿ ಅವಳಿಗೆ ಮುಟ್ಟಿತು. ಟವೆಲ್ಲಿನವನು ಎದ್ದು ರಸ್ತೆಗೆ ಬಂದು ಕೈ ಎತ್ತಿದ.

ಬೈಕು ನಿಂತಿತು. ಅವಳು ಇಳಿಯುವ ಮೊದಲೇ ದಸ್ತಗೀರ ಇಳಿದಿದ್ದ; ಕೊರಳಿನ ಚೀಟಿಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದ್ದ; ಅವಳ ತೊಡೆಯಿಂದ ಕ್ಯಾನನ್ನು ಎತ್ತಿ ಸೀಟಿನ ಮೇಲಿಟ್ಟು ಮುಚ್ಚಳ ತೆಗೆದಿದ್ದ. ಕೈ ಒಳಗೆ ಹೋಯಿತು. ಬಿಳಿ ಪಟ್ಟಿ. ಕೆಂಪು ದಾರವಲ್ಲ, ಬಿಳಿ ಪಟ್ಟಿ. ಡಬ್ಬಿ ಕುತ್ತಿಗೆಯ ಗೆರೆ ದಾಟಿ ಮೇಲೆ ಬಂತು, ಹೊಗೆ ಸುರಿಯುತ್ತ, ಬಿಸಿಲಿಗೆ. ಅವಳೊಳಗೆ ಯಾರೋ ಎಣಿಸಲು ಸುರುಮಾಡಿದರು. ಒಂದು. "ಕಡ್ಡಿರಿ. ಬರೇ ಕಡ್ಡಿರಿ, ನೋಡ್ರಿ." ಎರಡು. ಮೂರು. "ಮಾಂಸ ಗೀಂಸ ಏನಿಲ್ರಿ. ದವಾಖಾನಿ ಕೆಲಸ." ನಾಲ್ಕು. ಅವನು ಒಂದು ಕಡ್ಡಿಯನ್ನು ಎರಡು ಬೆರಳಲ್ಲಿ ಅರ್ಧ ಎಳೆದು ಟವೆಲ್ಲಿನವನ ಮುಖದ ಹತ್ತಿರ ಹಿಡಿದ. ಐದು. ಆರು. "ಈಕಿ ಭಾಲ್ಕಿ ಪ್ರಭಾಕರ ಮಾಸ್ತರ ಮಗಳು, ಬೇಕಾದ್ರ ಕೇಳ್ರಿ." ಏಳು. ಬಾಯಿ ತೆರೆದರೆ ಸಾಕಿತ್ತು. ಎತ್ತಬ್ಯಾಡ್ರಿ ಎಂಬ ಒಂದು ಮಾತು. ಎಂಟು. ಬಾಯಿ ತೆರೆಯಲಿಲ್ಲ. ಟವೆಲ್ಲಿನವನ ಕಣ್ಣು ತನ್ನ ಹಣೆಯ ಮೇಲೆ ಬಂದು, ಅಲ್ಲಿಂದ ಕಡ್ಡಿಯ ಮೇಲೆ ಹೋದದ್ದನ್ನು ಅವಳು ಕಂಡಳು. ನೋಡಲಿ, ಬೇಗ ನೋಡಲಿ, ನೋಡಿ ಬಿಟ್ಟುಬಿಡಲಿ ಎಂದು ಅವಳ ಮೈಯೆಲ್ಲ ಬೇಡಿತು. ಒಂಬತ್ತು. ಹತ್ತು.

"ಏ ಕಾಕಾ," ಎಂದ ಟವೆಲ್ಲಿನವನು ಗೊಂದಲದಲ್ಲಿ ಒಂದು ಹೆಜ್ಜೆ ಹಿಂದೆ ಸರಿದು, "ಔರಾದ ಬಸ್ ಹೋಯ್ತೇನು ಅಂತ ಕೇಳಾವಿದ್ನಿ. ಏನದು ಹೊಗಿ ಬರ್ಲತದ?"

ಹನ್ನೊಂದು. ಡಬ್ಬಿ ಒಳಗೆ ಹೋಯಿತು. ಬೆಂಚಿನ ಮೇಲಿದ್ದವರು ನಕ್ಕರು, ಕೆಟ್ಟ ನಗೆಯೇನಲ್ಲ. ಒಬ್ಬ ಚಹಾ ಕುಡಿತೀರೇನು ಕಾಕಾ ಎಂದು ಕೂಡ ಕೇಳಿದ. ದಸ್ತಗೀರನೂ ನಕ್ಕ. "ಬಸ್ ನಾ ನೋಡಿಲ್ಲಪಾ," ಎಂದ. ಮುಚ್ಚಳ ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಕೂತಿತು.

ಆಮೇಲಿನ ದಾರಿ ಎಷ್ಟುದ್ದವಿತ್ತೋ ಅವಳಿಗೆ ತಿಳಿಯಲಿಲ್ಲ. ತಲೆಯ ಮೇಲೆ ವಾಯುಪಡೆಯ ತರಬೇತಿ ವಿಮಾನವೊಂದು ಆಕಾಶವನ್ನು ಸುಮ್ಮನೆ ಹರಿಯುತ್ತ ಹೋಗುತ್ತಿತ್ತು. ಗಾಜಿನಂತಿದ್ದ ಹನಿ ಹಾಲಿನಂತೆ ಬೆಳ್ಳಗಾಗಿದ್ದರೆ ಮರಿ ಸತ್ತಿದೆ ಎಂದರ್ಥ. ಆದರೆ ಬೆಳ್ಳಗಾಗಿದೆಯೇ ಎಂದು ನೋಡಲು ಎತ್ತಬೇಕು, ಎತ್ತಿದರೆ ಬೆಳ್ಳಗಾಗುತ್ತದೆ. ಬದುಕಿವೆಯೇ ಎಂದು ತಿಳಿಯಲು ಎಬ್ಬಿಸಬೇಕು. ಎಬ್ಬಿಸುವ ಬೆಳಕು ಇಲ್ಲಿಲ್ಲ, ಎದ್ದರೆ ಇಳಿಬಿಡಲು ಉಪ್ಪುನೀರು ಸುತ್ತ ಇನ್ನೂರು ಮೈಲಿಯಲ್ಲಿಲ್ಲ. ಯಾರ ಮೇಲೆ ಸಿಟ್ಟಾಗುವುದು? ಬಸ್ಸು ಕೇಳಿದವನ ಮೇಲೆಯೆ? ಹೋದ ಸಲ ಚೆಲ್ಲಿದವರು ಇವತ್ತು ಅಲ್ಲಿರಲೇ ಇಲ್ಲ. ಅವರು ಇನ್ನು ಇರುವ ಅಗತ್ಯವೂ ಇಲ್ಲ. ಅವರು ಕೇಳಿದ ಪ್ರಶ್ನೆ ಈ ಮನುಷ್ಯನ ಕೈಯೊಳಗೆ ಸೇರಿಕೊಂಡಿದೆ, ಅದು ತಾನೇ ಎದ್ದು ಮುಚ್ಚಳ ತೆಗೆಯುತ್ತದೆ. ಇಷ್ಟು ಚೆಂದವಾಗಿ ಯೋಚಿಸಬಲ್ಲೆನಲ್ಲ ಎಂದು ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆ ಹನ್ನೊಂದು ಎಣಿಕೆಯಲ್ಲಿ ಒಂದೂ ಅವನದಲ್ಲ. ಎಣಿಸಿದವಳು ತಾನು.

"ಬಾಯಾರ," ಗಾಳಿಯಲ್ಲಿ ಅವನು ಮುಖ ಓರೆ ಮಾಡಿ ಕೇಳಿದ, "ಏನೂ ಆಗಿಲ್ಲಲ್ರಿ? ಹೋರಿ ಕಡ್ಡಿ ಅಷ್ಟಕ್ಕೇನೂ ಆಗಂಗಿಲ್ಲ. ನಿಮ್ಮವೂ ಹಂಗೇ ಅಲ್ರಿ?"

"ಹ್ಞೂಂರಿ ಚಾಚಾ. ಹಂಗೇ."

ಅವನ ಬೆನ್ನು ಸಡಿಲಾಯಿತು. ಆ ಸುಳ್ಳು ದಯೆಯೋ, ಇನ್ನೊಂದು ಹೇಡಿತನವೋ, ಅವಳು ಬಿಡಿಸಿ ನೋಡಲಿಲ್ಲ. ಬಿಡಿಸಿ ನೋಡಿದರೆ ಅದೂ ಬೆಳ್ಳಗಾಗುತ್ತಿತ್ತು.

ಬೀದರ್ ಊರ ಹೊರಗಿನ ಪೆಟ್ರೋಲ್ ಬಂಕಿನ ನೆರಳಲ್ಲಿ ಹೈದರಾಬಾದಿನ ಗಾಡಿ ನಿಂತಿತ್ತು. ಹೊಸ ಕ್ಯಾನು ಹೊಳೆಯುತ್ತಿತ್ತು. ಬಿಳಿ ಪಟ್ಟಿಯ ಡಬ್ಬಿಯನ್ನು ಮಂಜಿರಿ ತಾನೇ, ಕ್ಯಾನುಗಳ ಬಾಯಿಗೆ ಬಾಯಿ ಹತ್ತಿಸಿ, ಒಂದೇ ಉಸಿರಿಗೆ ದಾಟಿಸಿದಳು; ಕಣ್ಣು ಮುಚ್ಚಿಕೊಂಡು. ಡ್ರೈವರ್ ಮಂಗೇಶ ಹಲಗೆಗೆ ಸಿಕ್ಕಿಸಿದ ನಮೂನೆಯೊಂದನ್ನು ಚಾಚಿದ. "ತುಂಬಿ ಸಹಿ ಮಾಡ್ರಿ ಮೇಡಂ, ಆಮ್ಯಾಲೆ ಬಿಡೂನು." ಸಾಗಣೆಯಲ್ಲಿ ಶೀತ ತಪ್ಪಿದ್ದುಂಟೆ? ಹೌದು, ಇಲ್ಲ. ಹೌದಾದರೆ ಎಷ್ಟು ಸೆಕೆಂಡ್? ಕಾರಣ? ಕಾರಣಕ್ಕೆ ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದರು. ಮಯೂರ ಸರ್ ಮತ್ತೆ ಫೋನ್ ಮಾಡಿ, ಮೊದಲ ಸಲ ಮೆತ್ತಗೆ ಮಾತಾಡಿದರು. ನೈಟ್ರೋಜನ್ ಮಟ್ಟ ಸರಿಯಿದೆಯಲ್ಲ, ಮುಗಿಯಿತು, ಇಲ್ಲ ಎಂದು ಬರೆ. ಹೌದೆಂದರೆ ತನಿಖೆ, ಕಡ್ಡಿ ದಾಟಿಸಿದವನು ಯಾರು, ಅವನಿಗೆ ಯಾರು ಅನುಮತಿ ಕೊಟ್ಟರು, ಎಲ್ಲ ಬರುತ್ತದೆ. ಹೇಗೂ ಹತ್ತು ವರ್ಷ ಅದನ್ನು ಯಾರೂ ತೆರೆಯುವುದಿಲ್ಲ, ಮಂಜಿರಿ, ಎಂದರು. ಹತ್ತು ವರ್ಷ ಒಂದು ಸ್ಮಶಾನಕ್ಕೆ ಹೊಗೆ ಎರೆಯುತ್ತ ಇರುತ್ತಾರೆ, ಅಥವಾ ಒಂದು ತೊಟ್ಟಿಲಿಗೆ. ಯಾವುದೆಂದು ಇವತ್ತು ತಿಳಿಯುವವರು ಯಾರೂ ಇಲ್ಲ.

ದಸ್ತಗೀರ ತನ್ನ ಕ್ಯಾನನ್ನು ಬೈಕಿನ ಹಿಂದೆ ಹಗ್ಗದಿಂದ ಬಿಗಿದು, ಕಟ್ಟಿಗೆಯ ಪಟ್ಟಿ ಇಳಿಸಿ ಅಳೆದಿದ್ದ. ಐದು ಬೆರಳು. ಎಕಂಬಾದ ಫೋನು ಇನ್ನೆರಡು ಸಲ ಬಂದಿತ್ತು, ಅವನು ಎತ್ತಿರಲಿಲ್ಲ. ಹಣ ಕೊಡಲು ಹೋದಾಗ ಅವನು ಅವಳ ಕೈಯನ್ನೇ ಮಡಿಚಿಬಿಟ್ಟ. ಆಮೇಲೆ ಹಿಂಜರಿಯುತ್ತ ನಿಂತ. "ಒಂದ್ ಚೀಟಿ ಬರದ್ ಕೊಡ್ತೀರೇನ್ರಿ? ನಿಮ್ಮ ಹೆಸರು, ಆಫೀಸಿನ ಹೆಸರು. ಇವತ್ತ ಈ ಮನಷ್ಯಾ ಸರಕಾರಿ ಕೆಲಸಕ್ಕ ಬಂದಿದ್ದ, ಡಬ್ಬಿದಾಗ ಬರೇ ಕಡ್ಡಿ ಅವ, ಅಂತ. ಹಾದ್ಯಾಗ ಕೆಲಸಕ್ಕ ಬರ್ತದ."

ಅವಳ ಹತ್ತಿರ ಬೇರೆ ಕಾಗದವಿರಲಿಲ್ಲ. ನಮೂನೆಯ ಕೆಳಗಿನ ಅಂಚನ್ನು ಹರಿದು, ಬಾನೆಟ್ಟಿನ ಮೇಲಿಟ್ಟು ಬರೆದಳು. ಇವರು ದಸ್ತಗೀರ ಸಾಹೇಬರು, ಠಾಣಾ ಕುಶನೂರದವರು. ಇವರ ಡಬ್ಬಿಯಲ್ಲಿ ಇರುವುದು ಜೀವ. ಡಬ್ಬಿಯನ್ನು ದಯವಿಟ್ಟು ತೆರೆಸಬೇಡಿ. ಅವನು ಅದನ್ನು ಓದಲಿಲ್ಲ, ಎರಡು ಮಡಿಕೆ ಮಾಡಿ ಗುರುತಿನ ಚೀಟಿಯ ಪ್ಲಾಸ್ಟಿಕ್ಕಿನೊಳಗೆ ತೂರಿಸಿದ. "ಖುದಾ ನಿಮ್ಮ ಕಡಲು ತಂಪ ಇಡ್ಲಿ," ಎಂದ. "ಮಾಸ್ತರಿಗಿ ಸಲಾಂ ಹೇಳ್ರಿ."

ಗಾಡಿಯೊಳಗೆ ಕೂತು ಅವಳು ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹೌದು ಎಂಬಲ್ಲಿ ಗೆರೆ ಎಳೆದಳು. ಹನ್ನೊಂದು ಎಂದು ಬರೆದಳು. ಕಾರಣದ ಜಾಗಕ್ಕೆ ಬಂದು ಪೆನ್ನು ನಿಂತಿತು. ಮುಂದಿನ ವೃತ್ತದಲ್ಲಿ ಪೇದೆಯೊಬ್ಬ ಆಚೆ ಕಡೆಯ ಲಾರಿಗಳಿಗೆ ಕೈ ಮಾಡುತ್ತಿದ್ದ, ಇತ್ತ ಅವನ ಬೆನ್ನು. ದಸ್ತಗೀರನ ಬೈಕು ಆ ಬೆನ್ನಿನ ಹಿಂದೆ ಬಂದು ನಿಂತಿತು. ಪೇದೆ ತಿರುಗಲೂ ಇಲ್ಲ. ದಸ್ತಗೀರ ಒಂದು ಕಾಲು ನೆಲಕ್ಕೆ ಊರಿದ, ಕೊರಳಿನ ಚೀಟಿಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದ, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ ಹಗ್ಗ ಸಡಿಲಿಸತೊಡಗಿದ. ಮಂಜಿರಿ ಕಿಟಕಿಯ ಗಾಜು ಇಳಿಸಲು ನೋಡಿದಳು, ಅದು ಇಳಿಯಲಿಲ್ಲ. ಕೂಗಿದಳು, ಈ ಸಲ ನಿಜವಾಗಿ ಕೂಗಿದಳು. ಮಂಗೇಶ ಬೆಚ್ಚಿ ತಿರುಗಿದ. ಗಾಜಿನ ಆಚೆ ಮುಚ್ಚಳ ಎದ್ದಿತು, ಬಿಸಿಲಿನಲ್ಲಿ ಬಿಳಿ ಹೊಗೆ ಸುರಿದು ಮುದುಕನ ಮೊಣಕೈ ದಾಟಿ ರಸ್ತೆಗೆ ಇಳಿಯಿತು.

ಯಾರೂ ಕೇಳಿರಲಿಲ್ಲ.